ಪುಣೆಯ ಸ್ಕೂಟರಿಗೆ ಗುಲ್ಮಾರ್ಗಿನ ಚಳಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಸ್ಕೂಟರ್ ಒಂದು ತಿಂಗಳು ನನ್ನ ಹೆಂಡತಿಗೆ ಮಾತ್ರ ಕೈಕೊಡುತ್ತಿತ್ತು. ಆಫೀಸು ಮುಗಿಸಿ ಬರುವಾಗ ಸಿಗ್ನಲ್ ಬಳಿ ವೇಗ ಇಳಿಸಿದರೆ ಸಾಕು, ಎಂಜಿನ್ ಬಂದ್. ಮತ್ತೆ ಶುರುವಾಗಬೇಕೆಂದರೆ ಐದಾರು ಸಲ ಬಟನ್ ಒತ್ತಬೇಕು. "ರೀ, ಗಾಡಿಗೆ ಏನೋ ಆಗೇತಿ, ನೋಡ್ರಿ" ಎಂದು ಆಕೆ ಹೇಳಿದಾಗಲೆಲ್ಲ ನಾನು ಮರುದಿನ ಬೆಳಿಗ್ಗೆ ಎದ್ದು ಸೊಸೈಟಿಯೊಳಗೆ ಎರಡು ಸುತ್ತು ಹೊಡೆದು ಬರುತ್ತಿದ್ದೆ. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಮೀಟರಿನಲ್ಲಿ ಎಂಜಿನ್ ದೀಪವೂ ಉರಿಯಲಿಲ್ಲ. "ಏನೂ ಆಗಿಲ್ಲ. ನೀ ಆಕ್ಸಲರೇಟರ್ ಪೂರ್ತಿ ಬಿಟ್ಟಬಿಡ್ತಿ, ಅದಕ್ಕ" ಎಂದು ತೀರ್ಪು ಕೊಟ್ಟಿದ್ದೆ.

ತೀರ್ಪು ಕೊಡುವ ಅಧಿಕಾರ ನನಗಿದೆ ಎಂಬ ಭ್ರಮೆ. ಧಾರವಾಡದವನಾದ ನಾನು ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಹಿಂಜವಡಿಯಲ್ಲಿ ಕಾರುಗಳ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಯಾವ ಸೆನ್ಸರ್ ಕೆಟ್ಟರೆ ಯಾವ ಕೋಡ್ ಬರಬೇಕು, ದೀಪ ಯಾವಾಗ ಉರಿಯಬೇಕು ಎನ್ನುವ ಸಾಲುಗಳನ್ನು ದಿನವೂ ಬರೆಯುವವನಿಗೆ, ಕೋಡ್ ಇಲ್ಲದ ದೋಷ ದೋಷವೇ ಅಲ್ಲ ಅನ್ನಿಸಿಬಿಡುತ್ತದೆ.

ಒಂದು ಸಂಜೆ ಫೋನ್ ಬಂತು. ಹೊಸ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆ ಬರುವ ಇಳಿಜಾರು ಪುಣೆಯಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಊರಿಗೆ ಹೋಗುವ ದಾರಿಯೇ ಅದು. ಬ್ರೇಕ್ ಹಿಡಿಯದ ಲಾರಿಗಳ ಸುದ್ದಿ ಅಲ್ಲಿಂದ ಆಗಾಗ ಬರುತ್ತಲೇ ಇರುತ್ತದೆ. ಅಲ್ಲಿ, ಮಳೆಯಲ್ಲಿ, ಮಗಳನ್ನು ಹಿಂದೆ ಕೂರಿಸಿಕೊಂಡು ಬರುವಾಗ ಗಾಡಿ ನಿಂತಿತ್ತು. ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಗಿತ್ತು. ಆಕೆ ಗಾಡಿಯನ್ನು ತಳ್ಳಿಕೊಂಡು ಅಂಚಿಗೆ ಬಂದು ಫೋನ್ ಮಾಡಿದ್ದಳು. ಬೈಯಲಿಲ್ಲ. "ಬಂದು ಕರಕೊಂಡು ಹೋಗ್ರಿ" ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಗಾಡಿಯನ್ನು ಸರ್ವೀಸ್ ಸೆಂಟರಿಗೆ ಒಯ್ದೆ. ಅಲ್ಲಿಯೂ ಕೋಡ್ ಸಿಗಲಿಲ್ಲ. ಇಸಿಯು ಬದಲಿಸಿ ನೋಡೋಣ, 12,000 ರೂಪಾಯಿ ಆಗಬಹುದು ಎಂದರು. ಕಂಪ್ಯೂಟರ್ ಕೆಟ್ಟಿದೆ ಎನ್ನಲು ಆಧಾರವೇನು ಎಂದು ಕೇಳಿದರೆ ಉತ್ತರವಿಲ್ಲ. ವಾಪಸ್ ತಂದೆ.

ವಾರ್ಜೆಯಲ್ಲಿ ತಗಡಿನ ಚಪ್ಪರದಡಿ ಒಂದು ಗ್ಯಾರೇಜಿದೆ. ಮಿಸ್ತ್ರಿ ಇಂಡಿ ತಾಲ್ಲೂಕಿನವರು, ಶಾಲೆ ಬಿಟ್ಟ ವಯಸ್ಸಿಗೇ ಪುಣೆಗೆ ಬಂದವರು. ನಾನು ಇಸಿಯು, ಸೆನ್ಸರ್ ಎಂದು ಶುರುಮಾಡಿದೆ. ಆತ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ನನ್ನ ಹೆಂಡತಿಯ ಕಡೆ ತಿರುಗಿದರು.

"ಅಕ್ಕಾರ, ಗಾಡಿ ಯಾವಾಗ ಬಂದ್ ಬೀಳತೈತ್ರಿ? ಮುಂಜಾನೆ ಥಂಡ್ಯಾಗೋ, ಬಿಸಿ ಆದ ಮ್ಯಾಲೋ?"

"ಬಿಸಿ ಆದ ಮ್ಯಾಲ. ಇಪ್ಪತ್ತು ನಿಮಿಷ ಓಡಿಸಿದ ಮ್ಯಾಲ."

"ಎವರೇಜ್ ಕಮ್ಮಿ ಆಗೇತೇನ್ರಿ?"

"ಹೌದ್ರಿ. ವಾರಕ್ಕ ಒಂದ್ ಸಲ ಹಾಕಿಸ್ತಿದ್ದ ಪೆಟ್ರೋಲ್ ಈಗ ಐದ ದಿನಕ್ಕ ಬೇಕು."

ಇದು ನನಗೇ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಮಿಸ್ತ್ರಿ ಮೊದಲು ಬ್ಯಾಟರಿ ನೋಡಿದರು: ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು. ಸರಿಯಿದೆ. ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಕಾಡಿಗೆಯಂತೆ ಕಪ್ಪು. "ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ ನೋಡ್ರಿ." ಹಿಂದೆಲ್ಲ ಹೀಗಾದರೆ ಹುಬ್ಬಳ್ಳಿಯ ಯಾವ ಗ್ಯಾರೇಜಿನಲ್ಲೂ ಕಾರ್ಬುರೇಟರ್ ಬಿಚ್ಚಿ ಊದಿಕೊಡುತ್ತಿದ್ದರು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಬಹುಪಾಲು ಫ್ಯೂಯೆಲ್ ಇಂಜೆಕ್ಷನ್. ಎಷ್ಟು ಪೆಟ್ರೋಲ್ ಎಂಬುದನ್ನು ಸೆನ್ಸರುಗಳ ಮಾತು ಕೇಳಿ ಇಸಿಯು ತೀರ್ಮಾನಿಸುತ್ತದೆ.

ಈಗ ನನ್ನ ಸರದಿ. ಬಿಸಿ ಗಾಡಿಗೆ ಸ್ಕ್ಯಾನರ್ ಸಿಕ್ಕಿಸಿ, ಕೋಡ್ ಬಿಟ್ಟು ಅಂಕಿಗಳನ್ನು ಓದಿದೆ. ಮುಟ್ಟಿದರೆ ಕೈ ಸುಡುವ ಎಂಜಿನ್. ಪರದೆಯ ಮೇಲೆ ಅದರ ತಾಪಮಾನ 3 ಡಿಗ್ರಿ! ನಮ್ಮ ಸ್ಕೂಟರ್ ತಾನು ಗುಲ್ಮಾರ್ಗಿನಲ್ಲಿದ್ದೇನೆ ಎಂದುಕೊಂಡಿತ್ತು. ಅಲ್ಲಿ ಪ್ರವಾಸಿಗರನ್ನು ಹಿಮದ ಮೇಲೆ ಸುತ್ತಿಸುವ ಸ್ನೋಮೊಬೈಲಿಗೆ ಬೆಳಗಿನ ಹೊತ್ತು ಹೆಚ್ಚು ಪೆಟ್ರೋಲ್ ಬೇಕು, ನ್ಯಾಯ. ವಾರ್ಜೆಯಲ್ಲಿ ಬಿಸಿ ಎಂಜಿನ್ನಿಗೆ ಅಷ್ಟೇ ಸುರಿದರೆ ಉಸಿರುಗಟ್ಟಿ ನಿಲ್ಲುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಆ ಹೆಚ್ಚುವರಿ ಪೆಟ್ರೋಲ್ ನಡೆದುಹೋಗುತ್ತಿತ್ತು. ನನ್ನ ಎರಡು ಸುತ್ತಿನ ಪರೀಕ್ಷೆಗೆ ಗಾಡಿ ಪಾಸಾದದ್ದು ಹೀಗೆ.

ತಾಪಮಾನದ ಸೆನ್ಸರ್ ಎಂದರೆ ಬಿಸಿಯಾದಷ್ಟೂ ರೋಧ ಇಳಿಯುವ ಒಂದು ಸಣ್ಣ ತುಂಡು. ಇಸಿಯು 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತು ಎಂದು ಅಳೆಯುತ್ತದೆ. ತಂತಿ ಪೂರ್ತಿ ತುಂಡಾದರೆ 5 ವೋಲ್ಟೂ ಉಳಿಯುತ್ತದೆ, ಕೋಡ್ ಬರುತ್ತದೆ. ಶಾರ್ಟ್ ಆದರೆ ಸೊನ್ನೆ, ಆಗಲೂ ಕೋಡ್. ನಡುವಿನ ಯಾವ ಅಂಕಿ ಬಂದರೂ ಅದು ನಂಬಲರ್ಹ ಎಂದೇ ಲೆಕ್ಕ. 3 ಡಿಗ್ರಿ ಎಲ್ಲೋ ಒಂದು ಊರಿನಲ್ಲಿ ನಿಜವಾಗಬಲ್ಲ ಸಂಖ್ಯೆಯಾದ್ದರಿಂದ ದೀಪ ಉರಿಯಲಿಲ್ಲ.

ಸೆನ್ಸರನ್ನೇ ಬದಲಿಸೋಣ ಎಂದೆ. ಮಿಸ್ತ್ರಿ ತಲೆಯಾಡಿಸಿ, ಮೊದಲು ಅದನ್ನಷ್ಟೇ ಬಿಡಿಸಿ ಅಳೆದರು: 280 ಓಮ್. ಬಿಸಿ ಎಂಜಿನ್ನಿಗೆ ಸರಿಯಾದ ಅಂಕಿ. ಮತ್ತೆ ಸಿಕ್ಕಿಸಿ, ತಂತಿಯ ಇನ್ನೊಂದು ತುದಿಯಲ್ಲಿ, ಇಸಿಯು ಕನೆಕ್ಟರ್ ಬಿಚ್ಚಿ ಅಳೆದರು: 5,000ಕ್ಕೂ ಮೇಲೆ. ಸೆನ್ಸರಿನ ಕನೆಕ್ಟರನ್ನು ಬೆರಳಲ್ಲಿ ಅಲುಗಿಸಿದರೆ ಅಂಕಿ ಕುಣಿಯುತ್ತಿತ್ತು. ಬಿಚ್ಚಿ ನೋಡಿದರೆ ರಬ್ಬರ್ ಸೀಲು ಮಡಚಿಕೊಂಡಿದೆ, ಪಿನ್ನಿನ ಮೇಲೆ ಹಸಿರು ಕಿಲುಬು.

"ಸೆನ್ಸರ್ ಖರೇನ ಹೇಳಾಕತ್ತೈತ್ರಿ ಸರ್ರ. ನಡುವಿನ ತಂತಿ ಸುಳ್ಳ ಹೇಳಾಕತ್ತೈತಿ. ಗಾಡಿ ಪ್ರೆಶರ್ ನೀರಾಗ ತೊಳಸ್ತೀರೇನು?"

ಹೌದು, ಪ್ರತಿ ತಿಂಗಳು, ಶ್ರದ್ಧೆಯಿಂದ. ಅದು ಮನೆಯಲ್ಲಿ ನಾನು ವಹಿಸಿಕೊಂಡ ಕೆಲಸ.

ಆತ ಎರಡೂ ಟರ್ಮಿನಲ್ ಕತ್ತರಿಸಿ ಹೊಸದು ಒತ್ತಿ, ಸೀಲು ಬದಲಿಸಿ, ಗ್ರೀಸ್ ಸವರಿ ಮುಚ್ಚಿದರು. ಹೊಸ ಪ್ಲಗ್ ಸೇರಿ 450 ರೂಪಾಯಿ. ನಿಮ್ಮ ಗಾಡಿಗೂ ಇಂಥ ಅನುಮಾನವಿದ್ದರೆ, ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಕ್ಯಾನರ್ ಹಾಕಿಸಿ ನೋಡಿ. ಎಂಜಿನ್ನಿನ ತಾಪಮಾನವೂ ಒಳಸೇರುವ ಗಾಳಿಯ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇರಬೇಕು. ಬಿಡಿಭಾಗ ಕೊಳ್ಳುವ ಮುಂಚೆ ಕನೆಕ್ಟರ್ ಬಿಚ್ಚಿಸಿ. ನೀರಿನ ಪೈಪನ್ನು ಎಂಜಿನ್ನಿನತ್ತ ಹಿಡಿಯಬೇಡಿ ಎಂದು ತೊಳೆಯುವ ಹುಡುಗನಿಗೆ ಹೇಳಿ.

ಸೋಮವಾರ ಆಫೀಸಿನಲ್ಲಿ ನನ್ನದೇ ಕೋಡ್ ತೆರೆದು ನೋಡಿದೆ. ಎಂಜಿನ್ ಹದಿನೈದು ನಿಮಿಷ ಓಡಿದ ಮೇಲೂ ತಾಪಮಾನ ಏರದಿದ್ದರೆ ಅನುಮಾನಿಸು ಎಂಬ ಸಾಲು ಅಲ್ಲಿತ್ತು. ಕಾರುಗಳಿಗೆ ಅದನ್ನು ಬರೆದಿದ್ದವನು ನಾನೇ.

ಗ್ಯಾರೇಜಿನಿಂದ ಹೊರಡುವಾಗ ಮಿಸ್ತ್ರಿ, ಎಂಟು ದಿನ ಓಡಿಸಿ ಹೇಳ್ರಿ ಎಂದಿದ್ದರು. ನಾನು ನನ್ನ ನಂಬರ್ ಕೊಡಲು ಮೊಬೈಲ್ ತೆಗೆದೆ. "ನಿಮ್ದು ಬ್ಯಾಡ್ರಿ ಸರ್ರ, ಅಕ್ಕಾರ್ದು ಕೊಡ್ರಿ" ಎಂದರು. ಎಂಟನೆಯ ದಿನ ಫೋನ್ ಬಂದಾಗ ಆಕೆ ನವಲೆ ಸೇತುವೆ ದಾಟಿ ಮನೆ ತಲುಪಿದ್ದಳು.