ಹಲ್ಲು ನೋಡಿ ಎತ್ತು, ಬ್ಯಾಟರಿ ನೋಡಿ ಕಾರು

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕಾಗಲಿ, ಕೊರಳಿನ ಗೆಜ್ಜೆಗಾಗಲಿ ಮರುಳಾಗುವುದಿಲ್ಲ. ಹಳೆಯ ಪೆಟ್ರೋಲ್ ಕಾರು ಕೊಳ್ಳುವವರಿಗೂ ಇಂಥ ಗುರುತುಗಳು ಗೊತ್ತು. ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಆಯಿಲ್ ಸೋರುತ್ತಿದೆಯೇ ಎಂದು ಬಗ್ಗಿ ನೋಡುತ್ತಾರೆ. ವಿದ್ಯುತ್ ಕಾರಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಅದರ ಆಯುಷ್ಯವೆಲ್ಲ ಅಡಗಿರುವುದು ಕಾರಿನ ತಳದಲ್ಲಿ ಮುಚ್ಚಿಟ್ಟ ಬ್ಯಾಟರಿಯಲ್ಲಿ. ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವುದೆಂದರೆ ಇದೇ.

ಒಂದು ಕೈ ಓಡಿದ ವಿದ್ಯುತ್ ಕಾರುಗಳು ಈಗ ಮಧ್ಯಮ ವರ್ಗದ ಮನೆಗಳ ಕಣ್ಣಿಗೆ ಬೀಳುತ್ತಿವೆ. ಟಾಟಾ ನೆಕ್ಸಾನ್ ಮತ್ತು ಎಂಜಿ ಜೆಡ್‌ಎಸ್‌ನ ವಿದ್ಯುತ್ ಮಾದರಿಗಳು ಮಾರುಕಟ್ಟೆಗೆ ಬಂದದ್ದು 2020ರ ಜನವರಿಯಲ್ಲಿ. ಅಂದು ಕೊಂಡವರು ಹೊಸ ಮಾದರಿಗೆ ಮನಸೋತು ಹಳೆಯದನ್ನು ಮಾರುತ್ತಾರೆ. ಶೋರೂಮಿನವರು ಗಿರಾಕಿಗಳಿಗೆ ಓಡಿಸಿ ತೋರಿಸಿದ ಡೆಮೊ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಬೆಲೆ ಹೊಸದಕ್ಕಿಂತ ಲಕ್ಷಗಟ್ಟಲೆ ಕಡಿಮೆ. ಆದರೆ ಬ್ಯಾಟರಿ ಕೈಕೊಟ್ಟರೆ ಬದಲಾಯಿಸಲೂ ಲಕ್ಷಗಟ್ಟಲೆ ಬೇಕು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣಕ್ಕೆ ಕೈಹಾಕುವ ಮುನ್ನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು. ಅದರಲ್ಲೂ ವಿಜ್ಞಾನ ಓದುವ ಮಕ್ಕಳಿಗೆ ಇಲ್ಲಿ ನಿಜವಾದ ಕೆಲಸವಿದೆ.

ಬ್ಯಾಟರಿ ಮುದಿಯಾಗುವುದೇಕೆ?

ನಿಮ್ಮ ಜೇಬಿನ ಮೊಬೈಲನ್ನೇ ನೋಡಿ. ಕೊಂಡ ವರ್ಷ ರಾತ್ರಿಯವರೆಗೂ ಬಾಳುತ್ತಿದ್ದ ಚಾರ್ಜ್ ಮೂರನೆಯ ವರ್ಷ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕಾರಿನಲ್ಲಿರುವುದೂ ಅದೇ ಜಾತಿಯ ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, 2019ರಲ್ಲಿ ಗುಡಿನಫ್, ವಿಟಿಂಗ್‌ಹ್ಯಾಂ ಮತ್ತು ಯೋಶಿನೊ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ವಿದ್ಯೆ ಅದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಹೊರಟು ಇನ್ನೊಂದು ಧ್ರುವದ ಗ್ರಾಫೈಟ್ ಪದರಗಳಲ್ಲಿ ಹೋಗಿ ಕೂರುತ್ತವೆ. ಓಡಿಸುವಾಗ ಹಿಂದಿರುಗುತ್ತವೆ. ಈ ಓಡಾಟದಲ್ಲಿ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಬೆಳೆಯುತ್ತಾ ಹೋಗಿ ಸ್ವಲ್ಪ ಸ್ವಲ್ಪವೇ ಲಿಥಿಯಮ್ಮನ್ನು ನುಂಗಿಬಿಡುತ್ತದೆ. ಬ್ಯಾಟರಿಯ ಮುಪ್ಪೆಂದರೆ ಬಹುಪಾಲು ಇದೇ.

ಈ ಮುಪ್ಪನ್ನು ಬೇಗ ತರುವುದು ಮುಖ್ಯವಾಗಿ ಬಿಸಿ. ನೂರಕ್ಕೆ ನೂರು ಚಾರ್ಜ್ ತುಂಬಿಸಿ ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸುವುದು, ಪದೇ ಪದೇ ವೇಗದ ಚಾರ್ಜರಿಗೆ ಹಚ್ಚುವುದು ಇವೂ ಕೂಡಿಕೊಳ್ಳುತ್ತವೆ. ನಿಸಾನ್ ಲೀಫ್ ಎಂಬ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುಬಿಸಿಲಿನ ನಾಡಿನಲ್ಲಿ ಅದರ ಶಕ್ತಿ ಬಲುಬೇಗ ಕುಂದಿ 2012ರಲ್ಲಿ ದೊಡ್ಡ ಗುಲ್ಲೇ ಎದ್ದಿತ್ತು. ಆದ್ದರಿಂದ ಕಾರು ಎಷ್ಟು ಕಿ.ಮೀ. ಓಡಿದೆ ಎಂಬುದರ ಜೊತೆಗೆ ಯಾವ ಊರಿನಲ್ಲಿ, ನೆರಳಿನಲ್ಲೋ ಬಿಸಿಲಿನಲ್ಲೋ ನಿಂತಿತ್ತು ಎಂಬುದನ್ನೂ ಕೇಳಬೇಕು. ಮೈಸೂರಿನ ಮನೆಯೊಂದರಲ್ಲಿ ಸಾಮಾನ್ಯ ಪ್ಲಗ್ಗಿನಿಂದ ಚಾರ್ಜ್ ಆಗುತ್ತಿದ್ದ ಕಾರಿಗೂ ಕಲಬುರಗಿಯ ಬಿಸಿಲಿನಲ್ಲಿ ದಿನವೂ ಬಾಡಿಗೆಗೆ ಓಡಿದ ಕಾರಿಗೂ ವ್ಯತ್ಯಾಸ ಇರುವುದು ಸಹಜ. ವಿದ್ಯುತ್ ವಾಹನಗಳ ಫಲಕವೆಲ್ಲ ಹಸಿರೇ. ಅದರ ಮೇಲಿನ ಅಕ್ಷರ ಬಿಳಿಯಾದರೆ ಸ್ವಂತದ್ದು, ಹಳದಿಯಾದರೆ ಬಾಡಿಗೆಯದು.

ಹಲ್ಲು ಎಣಿಸುವ ಲೆಕ್ಕ

ಮೊದಲ ದಾರಿ, ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಿ ಕೊಡುವಂತೆ ಮಾರುವವರನ್ನು ಕೇಳುವುದು. ಕಾರಿನೊಳಗಿನ ಗಣಕ ಈ ಲೆಕ್ಕವನ್ನು ಇಟ್ಟಿರುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ.

ಎರಡನೆಯದು ನೀವೇ ಮಾಡಬಹುದಾದ ಪರೀಕ್ಷೆ. ಕಾರಿನ ಬ್ಯಾಟರಿ 30 ಯೂನಿಟ್ಟಿನದು ಎನ್ನಿ. ಚಾರ್ಜ್ ನೂರಕ್ಕೆ 20ಕ್ಕೆ ಇಳಿದಾಗ ಸಾರ್ವಜನಿಕ ವೇಗದ ಚಾರ್ಜರಿಗೆ ಹಚ್ಚಿ 80ರವರೆಗೆ ತುಂಬಿಸಿ. ತುಂಬಿದ್ದು 60 ಭಾಗ, ಅಂದರೆ ಹೊಸ ಬ್ಯಾಟರಿಗೆ ಸುಮಾರು 18 ಯೂನಿಟ್ ಹಿಡಿಯಬೇಕು. ಚಾರ್ಜರಿನ ಪರದೆ 14.4 ಯೂನಿಟ್ ತೋರಿಸಿದರೆ? 14.4ನ್ನು 0.6ರಿಂದ ಭಾಗಿಸಿ, 24 ಬರುತ್ತದೆ. ಮೂವತ್ತರಲ್ಲಿ ಉಳಿದಿರುವುದು 24, ಅಂದರೆ ನೂರಕ್ಕೆ 80. ಇದು ಅಂದಾಜು ಮಾತ್ರ. ಕಂಪನಿ ಹೇಳುವ ಯೂನಿಟ್ಟುಗಳಲ್ಲಿ ಬಳಕೆಗೆ ಸಿಗುವುದು ಹೊಸದರಲ್ಲೇ ಸ್ವಲ್ಪ ಕಡಿಮೆ ಇರಬಹುದು. ಚಾರ್ಜ್ ಮಾಡುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿಯೂ ಹೋಗುತ್ತದೆ. ಆದರೂ ಮಾರುವವರ ಬಾಯಿಮಾತಿಗಿಂತ ಇದು ಮೇಲು.

ಮೂರನೆಯದು ಓಡಿಸಿ ನೋಡುವುದು. ಚಾರ್ಜ್ 80ರಿಂದ 50ಕ್ಕೆ ಇಳಿಯುವಷ್ಟರಲ್ಲಿ 60 ಕಿ.ಮೀ. ಸಾಗಿದರೆ ಪೂರ್ತಿ ಚಾರ್ಜಿಗೆ 200 ಕಿ.ಮೀ. ಎಂದಾಯಿತು. ಜಾಹೀರಾತಿನ ಅಂಕಿಯ ಜೊತೆ ಹೋಲಿಸಿ ಗಾಬರಿಯಾಗಬೇಡಿ. 2020ರ ನೆಕ್ಸಾನ್‌ಗೆ ಪ್ರಯೋಗಾಲಯದ ಲೆಕ್ಕ 312 ಕಿ.ಮೀ. ರಸ್ತೆಯ ಮೇಲೆ, ಎ.ಸಿ. ಹಾಕಿಕೊಂಡು ಓಡಿಸುವಾಗ ಹೊಸ ಕಾರೇ ಅಷ್ಟು ಕೊಡುತ್ತಿರಲಿಲ್ಲ.

ಡೆಮೊ ಕಾರಿನ ಒಳಿತು, ಕೆಡುಕು

ಡೆಮೊ ಕಾರು ಕಡಿಮೆ ಓಡಿರುತ್ತದೆ, ಸರ್ವಿಸ್ ತಪ್ಪಿರುವುದಿಲ್ಲ. ಆದರೆ ಅದನ್ನು ಓಡಿಸಿದವರು ನೂರು ಮಂದಿ. ಎಲ್ಲರೂ ವೇಗ ನೋಡುವ ಉಮೇದಿನಲ್ಲಿ ಪೆಡಲ್ ಒತ್ತಿದವರೇ. ಗಿರಾಕಿ ಯಾವಾಗ ಬಂದರೂ ಸಿದ್ಧವಿರಲೆಂದು ತುಂಬು ಚಾರ್ಜಿನಲ್ಲಿ ಬಿಸಿಲಿಗೆ ನಿಂತಿದ್ದೂ ಉಂಟು. ಟೈರು, ಬ್ರೇಕು, ಕೆಳಭಾಗದ ಗೀರುಗಳನ್ನು ಅದಕ್ಕೇ ನೋಡಬೇಕು.

ಇದಕ್ಕಿಂತ ಮುಖ್ಯವಾದದ್ದು ಕಾಗದಪತ್ರ. ಡೆಮೊ ಕಾರು ಶೋರೂಮಿನ ಹೆಸರಿನಲ್ಲಿ ನೋಂದಣಿಯಾಗಿದ್ದರೆ ನೀವು ಎರಡನೆಯ ಮಾಲೀಕರು. ವಾರಂಟಿಯ ಗಡಿಯಾರ ನೋಂದಣಿಯ ದಿನದಿಂದಲೇ ಓಡುತ್ತಿರಬಹುದು. ನೆಕ್ಸಾನ್ ಬ್ಯಾಟರಿಗೆ ಕೊಟ್ಟ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. 2020ರಲ್ಲಿ ಕೊಂಡ ಕಾರಿಗೆ ಅದು 2028ಕ್ಕೆ ಮುಗಿಯುತ್ತದೆ. ಎರಡನೆಯ ಮಾಲೀಕರಿಗೂ ವಾರಂಟಿ ಪೂರ್ತಿ ಸಲ್ಲುತ್ತದೆಯೇ, ಶಕ್ತಿ ನೂರಕ್ಕೆ ಎಷ್ಟಕ್ಕೆ ಇಳಿದರೆ ಬ್ಯಾಟರಿ ಬದಲಾಯಿಸಿಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಇನ್ನೊಂದು ಹೊಸ ಬಗೆಯ ಗಂಟೂ ಇದೆ. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಬಂದಾಗ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯೂ ಬಂತು. ಕಾರು ಕೊಳ್ಳಿ, ಬ್ಯಾಟರಿಗೆ ಕಿ.ಮೀ.ಗೆ ಇಷ್ಟು ಎಂದು ಕಟ್ಟುತ್ತಾ ಹೋಗಿ ಎಂಬ ಲೆಕ್ಕ. ಅಂಥ ಕಾರು ಕೊಳ್ಳುವವರು ಬ್ಯಾಟರಿ ಯಾರದು, ಬಾಕಿ ಎಷ್ಟು ಎಂದು ಕೇಳದಿದ್ದರೆ ಗಾಡಿ ಕೊಂಡು ಎತ್ತನ್ನು ಬಾಡಿಗೆಗೆ ತಂದಂತಾದೀತು.

ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35 ಆರ್‌ಟಿಒ ಕಚೇರಿಗೆ ಬೇಕು. ಬೇರೆ ರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರ ಬೇಕು. ವಿಮೆಯನ್ನು 14 ದಿನಗಳಲ್ಲಿ ನಿಮ್ಮ ಹೆಸರಿಗೆ ಕೇಳಿಕೊಳ್ಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದು ನೆನಪಿರಲಿ. ಕಾರಿನ ವಿಮೆಯ ಹಳೆಯ ಪರಿಹಾರಗಳನ್ನು ವಿಚಾರಿಸಿ, ನೆಲಹಾಸು ಎತ್ತಿ ಕೆಸರಿನ ಕಲೆ ನೋಡಿ.

ರೇವಾ ಕಲಿಸಿದ ಪಾಠ

ವಿದ್ಯುತ್ ಕಾರು ಕನ್ನಡಿಗರಿಗೆ ಹೊಸದೇನಲ್ಲ. ಚೇತನ್ ಮೈನಿ ಅವರ ರೇವಾ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲೇ ರಸ್ತೆಗಿಳಿದಿತ್ತು. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಅದರ ಸೀಸದ ಬ್ಯಾಟರಿಗಳು ಕೆಲವು ವರ್ಷಕ್ಕೆ ಸೋತು ಹೊಸವು ಬೇಕಾಗುತ್ತಿದ್ದವು. 2010ರಲ್ಲಿ ಕಂಪನಿ ಮಹೀಂದ್ರಾ ತೆಕ್ಕೆಗೆ ಹೋಯಿತು, 2013ರಲ್ಲಿ ಇ2ಒ ಬಂತು, ಮುಂದೆ ಅದೂ ನಿಂತಿತು. ತಯಾರಿ ನಿಂತ ಮಾದರಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಡಿಭಾಗ ಕೊಡುವವರು, ರಿಪೇರಿ ಬಲ್ಲವರು ನಿಮ್ಮ ಊರಿನಲ್ಲಿದ್ದಾರೆಯೇ ಎಂದು ನೋಡಿಯೇ ಕೈಹಾಕಬೇಕು.

ಕೊನೆಗೆ ಮನೆಯ ಲೆಕ್ಕ. ಶಾಲೆ, ಕಾಲೇಜು, ಕಚೇರಿ ಸೇರಿ ದಿನಕ್ಕೆ 40 ಕಿ.ಮೀ. ಓಡುವ ಸಂಸಾರಕ್ಕೆ 150 ಕಿ.ಮೀ. ಕೊಡುವ ಹಳೆಯ ಕಾರೂ ಧಾರಾಳ. ರಾತ್ರಿ 15 ಆಂಪಿಯರ್ ಪ್ಲಗ್ಗಿಗೆ ಹಚ್ಚಿದರೆ 30 ಯೂನಿಟ್ಟಿನ ಬ್ಯಾಟರಿ ಸುಮಾರು ಹತ್ತು ಗಂಟೆಯಲ್ಲಿ ತುಂಬುತ್ತದೆ. ಆದರೆ ಆ ಪ್ಲಗ್ಗು, ಅದರ ಅರ್ಥಿಂಗು, ಕಾರು ನಿಲ್ಲಿಸುವ ಜಾಗ ನಿಮ್ಮದಾಗಿರಬೇಕು. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿದ್ದು ಕಾರನ್ನು ಬೀದಿಯಲ್ಲಿ ನಿಲ್ಲಿಸುವವರಿಗೆ, ಪ್ರತಿ ವಾರ ದೂರದ ಊರಿಗೆ ಹೋಗಿಬರುವವರಿಗೆ ಬ್ಯಾಟರಿ ನೂರಕ್ಕೆ ನೂರಿದ್ದರೂ ಈ ಕಾರು ಕಷ್ಟವೇ. ಮುಂಗಡ ಕೊಡುವ ಮುನ್ನ ಒಂದು ವಾರ ಮನೆಯವರೆಲ್ಲರ ಓಡಾಟವನ್ನು ಪುಸ್ತಕದಲ್ಲಿ ಬರೆದಿಡಿ. ಆ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಕೊಳ್ಳಬೇಕೋ ಬೇಡವೋ ಎಂಬುದು ಆ ಪುಟದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.