ಬೇರುಗಂಟಿನ ಮಿತವ್ಯಯ

ತರೀಕೆರೆಯ ಅಡಕೆ ತೋಟಗಳನ್ನು ದಾಟಿ ಅಜ್ಜಂಪುರದ ಕಡೆಗೆ ಸಾಗಿದರೆ ಎರೆಭೂಮಿ ಎದುರಾಗುತ್ತದೆ. ಹಿಂಗಾರಿನಲ್ಲಿ ಅಲ್ಲಿ ಕಡಲೆ ಬೆಳೆದು ನಿಂತಿರುವಾಗ ಒಂದು ಗಿಡವನ್ನು ಬುಡಸಹಿತ ಮೆಲ್ಲನೆ ಅಗೆದು ನೋಡಿ. ಬೇರಿನ ಮೇಲೆ ಪುಟ್ಟ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡಿತೆಂದರೆ, ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿದೆ ಎಂದು ತಿಳಿಯಬಹುದು. ಕಡೂರಿನ ಕೆಮ್ಮಣ್ಣಿನ ಅಲಸಂದೆ, ಹೆಸರುಗಳ ಬೇರಿನಲ್ಲಿಯೂ ಇದೇ ಏರ್ಪಾಡು.

ಆದರೆ ಬ್ಯಾಕ್ಟೀರಿಯಾ ಈ ಕೆಲಸವನ್ನು ಸರ್ವಕಾಲದಲ್ಲಿಯೂ ಮಾಡುವುದಿಲ್ಲ. ಅದಕ್ಕೆ ಬೇಕಾದ ಜೀನುಗಳು ಸದಾ ಅದರೊಳಗೆ ಇದ್ದರೂ ಬಹುಕಾಲ ಮೌನವಾಗಿರುತ್ತವೆ. ನಿಘಂಟಿನಲ್ಲಿ ಸಾವಿರಾರು ಶಬ್ದಗಳಿದ್ದರೂ ನಾವು ಸಂದರ್ಭಕ್ಕೆ ತಕ್ಕವನ್ನಷ್ಟೇ ಆಡುತ್ತೇವಲ್ಲವೆ? ಕನ್ನಡದ ಮೇಷ್ಟರಾದ ನನಗೆ ಈ ವಿಷಯ ಮನದಟ್ಟಾದದ್ದು ಹೀಗೆ.

ಈ ಮೌನದ ಗುಟ್ಟನ್ನು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ವಿವರಿಸಿದರು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಹಾಲಿನ ಸಕ್ಕರೆ ದೊರೆಯದಿರುವಾಗ, ಕಾವಲುಗಾರನಂತಹ ಒಂದು ಅಣು ಜೀನಿನ ಬಾಗಿಲಲ್ಲಿ ಕುಳಿತು, ಆ ಸಕ್ಕರೆಯನ್ನು ಜೀರ್ಣಿಸುವ ಕಿಣ್ವದ ತಯಾರಿಯನ್ನು ತಡೆಯುತ್ತದೆ. ಸಕ್ಕರೆ ಬಂತೆಂದರೆ, ಅದರಿಂದಲೇ ಹುಟ್ಟಿದ ಮತ್ತೊಂದು ಅಣು ಕಾವಲುಗಾರನನ್ನು ಬಾಗಿಲಿನಿಂದ ಎಬ್ಬಿಸುತ್ತದೆ. ಆದರೆ ಗ್ಲೂಕೋಸಿನಂತಹ ಸುಲಭದ ಆಹಾರ ಎದುರಿಗಿರುವ ತನಕ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯ ಗೊಡವೆಗೆ ಹೋಗುವುದಿಲ್ಲ. 1965ರಲ್ಲಿ ಇವರಿಬ್ಬರೂ ಆಂದ್ರೆ ಲ್ವೋಫ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ನಮ್ಮ ಹೊಲದ ಮಣ್ಣಿನಲ್ಲಿಯೂ ಇಂತಹುದೇ ಲೆಕ್ಕಾಚಾರ ನಡೆದಿದೆ. ಕಡಲೆಯ ಬೇರು ಒಸರುವ ಕೆಲವು ರಾಸಾಯನಿಕಗಳು ಗಂಟು ಕಟ್ಟಿಸುವ ಜೀನುಗಳನ್ನು ಎಚ್ಚರಿಸುತ್ತವೆ. ಗಂಟಿನೊಳಗೆ ಆಮ್ಲಜನಕ ವಿರಳವಾದಾಗ ಸಾರಜನಕ ಹಿಡಿಯುವ ಜೀನುಗಳು ಎಚ್ಚರಗೊಳ್ಳುತ್ತವೆ. ಇದು ಬಲು ದುಬಾರಿ ಕೆಲಸ. ಸಾರಜನಕದ ಒಂದೇ ಅಣುವನ್ನು ಒಡೆಯಲು, ಜೀವಕೋಶದ ಶಕ್ತಿನಾಣ್ಯವೆನಿಸಿದ ಎಟಿಪಿಯ ಕನಿಷ್ಠ 16 ಅಣುಗಳು ವೆಚ್ಚವಾಗುತ್ತವೆ. ಆದುದರಿಂದಲೇ, ಮಣ್ಣಿನಲ್ಲಿ ಒಂಟಿಯಾಗಿ ಬಾಳುವ ಅಜೋಟೊಬ್ಯಾಕ್ಟರ್ ತನಗೆ ಅಮೋನಿಯಾ ಧಾರಾಳವಾಗಿ ಸಿಕ್ಕರೆ ಆ ಜೀನುಗಳ ಬಾಗಿಲನ್ನು ಮುಚ್ಚಿಬಿಡುತ್ತದೆ. ಕಡಲೆ ಗಿಡವೂ ಅಷ್ಟೆ. ಮಣ್ಣಿನಲ್ಲಿ ಸಾರಜನಕ ಹೇರಳವಾಗಿದ್ದರೆ ತಾನೇ ಗಂಟುಗಳನ್ನು ಕಡಮೆ ಮಾಡಿಕೊಳ್ಳುತ್ತದೆ.

ಯೂರಿಯಾ ಮಣ್ಣಿನಲ್ಲಿ ಕರಗಿ ಅಮೋನಿಯಾ ಆಗುತ್ತದೆ. ಕಾಳಿನ ಹೊಲಕ್ಕೆ ಅದನ್ನು ಮಿತಿಮೀರಿ ಸುರಿದ ರೈತ, ಕೂಲಿ ಬೇಡದೆ ದುಡಿಯುತ್ತಿದ್ದ ಆಳುಗಳನ್ನು ಕೈಯಾರೆ ಹಣ ಕೊಟ್ಟು ಮನೆಗೆ ಕಳುಹಿಸಿದಂತಾಗುತ್ತದೆ. ಗೊಬ್ಬರದ ಚೀಲ ಬಿಚ್ಚುವ ಮುನ್ನ ಒಂದು ಗಿಡವನ್ನು ಅಗೆದು ಗಂಟನ್ನು ಸೀಳಿ ನೋಡುವುದು ಲೇಸು. ಒಳಗೆ ಕೆಂಪಿದ್ದರೆ, ಆ ಚೀಲದ ಹಣ ಮನೆಯಲ್ಲಿಯೇ ಉಳಿದೀತು.