ಅಧ್ಯಕ್ಷರು ಹೇಳಿದರೆ ಸಾಲ ಮನ್ನಾ ಆಗುತ್ತಾ? ಅಮೆರಿಕದ ಶಿಕ್ಷಣ ಸಾಲದ ಕೇಸು ಹೇಳುವುದೇನು

ಸಾಲ ಮನ್ನಾ ಅಂದ ಕೂಡಲೇ ನಮ್ಮಲ್ಲಿ ನೆನಪಾಗೋದು ಬೆಳೆ ಸಾಲ. ಅಮೆರಿಕದಲ್ಲಿ ಇದೇ ಮಾತು ಕಾಲೇಜು ಓದಿಗೆ ಪಡೆದ ಸಾಲದ ಬಗ್ಗೆ ಕೇಳಿಬರುತ್ತದೆ. ಅಲ್ಲಿನ ಅಧ್ಯಕ್ಷರೇ ಮನ್ನಾ ಘೋಷಿಸಿದರು, ಅರ್ಜಿಗಳೂ ಬಂದವು. ಆದರೆ ಆ ಯೋಜನೆಯಲ್ಲಿ ಒಬ್ಬರ ಸಾಲವೂ ತೀರಲಿಲ್ಲ. ಯಾಕೆ?

ಏನಿದು ಪ್ರಕರಣ?

2022ರ ಆಗಸ್ಟ್ 24ರಂದು ಅಧ್ಯಕ್ಷ ಜೋ ಬೈಡನ್ ಈ ಯೋಜನೆ ಪ್ರಕಟಿಸಿದರು. ವರ್ಷಕ್ಕೆ 1.25 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯ ಇರುವವರಿಗೆ 10 ಸಾವಿರ ಡಾಲರ್‌ವರೆಗೆ ಮನ್ನಾ. ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಪಡೆದವರಿಗೆ 20 ಸಾವಿರದವರೆಗೆ. ಒಟ್ಟು ಮೊತ್ತ ಸುಮಾರು 430 ಬಿಲಿಯನ್ ಡಾಲರ್. ಸುಮಾರು 1.6 ಕೋಟಿ ಮಂದಿಯ ಅರ್ಜಿಗೆ ಒಪ್ಪಿಗೆಯೂ ಸಿಕ್ಕಿತ್ತು. ಅಷ್ಟರಲ್ಲಿ ಕೋರ್ಟ್ ತಡೆ ಬಿತ್ತು.

ಈ ಸಾಲ ಕೊಟ್ಟಿದ್ದು ಖಾಸಗಿ ಬ್ಯಾಂಕ್ ಅಲ್ಲ, ಕೇಂದ್ರ ಸರ್ಕಾರವೇ. ಕೊಟ್ಟವರೇ ಬಿಟ್ಟುಕೊಟ್ಟರೆ ತಪ್ಪೇನು ಅಂತ ಕೇಳಬಹುದು. ಆದರೆ ಅಮೆರಿಕದ ಸಂವಿಧಾನದ ಪ್ರಕಾರ ಖಜಾನೆಯ ಹಣದ ಬೀಗದ ಕೈ ಇರೋದು ಕಾಂಗ್ರೆಸ್ ಬಳಿ, ಅಂದರೆ ಅಲ್ಲಿನ ಸಂಸತ್ತಿನ ಬಳಿ. ಬರಬೇಕಾದ ಸಾಲವೂ ಸರ್ಕಾರದ ಆಸ್ತಿಯೇ. ಅದನ್ನು ಬಿಡಬೇಕಾದರೆ ಕಾಂಗ್ರೆಸ್ ಮಾಡಿದ ಕಾನೂನಿನ ಬೆಂಬಲ ಬೇಕು. ಬೈಡನ್ ಅವರದೇ ಪಕ್ಷದ ನ್ಯಾನ್ಸಿ ಪೆಲೋಸಿ ಸ್ಪೀಕರ್ ಆಗಿದ್ದಾಗ, 2021ರಲ್ಲೇ ಇದನ್ನು ಹೇಳಿದ್ದರು: ಅಧ್ಯಕ್ಷರು ಕಂತು ಮುಂದೂಡಬಹುದು, ಮನ್ನಾ ಮಾಡುವಂತಿಲ್ಲ.

ಸರ್ಕಾರದ ವಾದ ಏನಿತ್ತು?

ಸರ್ಕಾರ ತೋರಿಸಿದ್ದು 2003ರ ಹೀರೋಸ್ ಕಾಯ್ದೆಯನ್ನು. ಯುದ್ಧ ಅಥವಾ ರಾಷ್ಟ್ರೀಯ ತುರ್ತು ಸ್ಥಿತಿಯಲ್ಲಿ ಸಾಲಗಾರರಿಗೆ ತೊಂದರೆ ಆಗದಂತೆ ನಿಯಮಗಳನ್ನು ಸಡಿಲಿಸಲು, ಮಾರ್ಪಡಿಸಲು ಶಿಕ್ಷಣ ಕಾರ್ಯದರ್ಶಿಗೆ ಅದು ಅಧಿಕಾರ ಕೊಡುತ್ತದೆ. ಕೋವಿಡ್ ಕೂಡ ತುರ್ತು ಸ್ಥಿತಿಯೇ, ಹಾಗಾಗಿ ಮನ್ನಾ ಮಾಡಬಹುದು ಅನ್ನೋದು ವಾದ.

ಆರು ರಾಜ್ಯಗಳು ಕೋರ್ಟಿಗೆ ಹೋದವು. ಸಾಲ ವಸೂಲಿ ನೋಡಿಕೊಳ್ಳುವ ಮಿಸೌರಿ ರಾಜ್ಯದ ಸಂಸ್ಥೆಗೆ ಶುಲ್ಕದ ಆದಾಯ ಕೈತಪ್ಪುತ್ತದೆ ಎಂಬ ಕಾರಣಕ್ಕೆ ಕೇಸು ನಿಂತಿತು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಯೋಜನೆಯನ್ನು ರದ್ದು ಮಾಡಿತು.

ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ಪ್ರಕಾರ, ಮಾರ್ಪಾಡು ಅಂದರೆ ಸಣ್ಣಪುಟ್ಟ ಬದಲಾವಣೆ, ಹೊಸ ಯೋಜನೆಯನ್ನೇ ಬರೆಯೋದಲ್ಲ. ಸುಣ್ಣ ಬಳಿಯಲು ಒಪ್ಪಿಗೆ ಪಡೆದು ಮನೆಯನ್ನೇ ಕೆಡವಿ ಹೊಸದು ಕಟ್ಟಿದ ಹಾಗೆ ಅಂತ ಇದನ್ನು ಅರ್ಥ ಮಾಡಿಕೊಳ್ಳಬಹುದು. ಇಷ್ಟು ದೊಡ್ಡ ಆರ್ಥಿಕ ನಿರ್ಧಾರಕ್ಕೆ ಕಾಂಗ್ರೆಸ್‌ನ ಸ್ಪಷ್ಟ ಅನುಮತಿ ಬೇಕು ಎಂದೂ ಕೋರ್ಟ್ ಹೇಳಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಇದನ್ನು ಒಪ್ಪಲಿಲ್ಲ. ಕಾಯ್ದೆಯ ಮಾತುಗಳಲ್ಲೇ ಆ ಅಧಿಕಾರ ಇದೆ, ಕೋರ್ಟ್ ತನ್ನದಲ್ಲದ ಕೆಲಸಕ್ಕೆ ಕೈ ಹಾಕಿದೆ ಎಂಬುದು ಅವರ ನಿಲುವು.

ಹಾಗಾದರೆ ಮನ್ನಾ ಆಗಲೇ ಇಲ್ವಾ?

ಆಯಿತು, ಆದರೆ ಬೇರೆ ದಾರಿಯಲ್ಲಿ. ಸರ್ಕಾರಿ ಅಥವಾ ಸೇವಾ ಸಂಸ್ಥೆಗಳಲ್ಲಿ 10 ವರ್ಷ ದುಡಿದು ಕಂತು ಕಟ್ಟಿದವರಿಗೆ, ಕಾಲೇಜಿನಿಂದ ಮೋಸ ಹೋದವರಿಗೆ, ಶಾಶ್ವತ ಅಂಗವೈಕಲ್ಯ ಇರುವವರಿಗೆ ಮನ್ನಾ ಕೊಡಲು ಕಾಂಗ್ರೆಸ್ ಮೊದಲೇ ಕಾನೂನು ಮಾಡಿತ್ತು. ಇಂಥ ದಾರಿಗಳಲ್ಲೇ ಬೈಡನ್ ಅವಧಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿಯ 180 ಬಿಲಿಯನ್ ಡಾಲರ್‌ಗೂ ಮಿಕ್ಕ ಸಾಲ ಮನ್ನಾಕ್ಕೆ ಒಪ್ಪಿಗೆ ಸಿಕ್ಕಿತು. ಆದಾಯಕ್ಕೆ ತಕ್ಕಂತೆ ಕಂತು ಇಳಿಸುವ 'ಸೇವ್' ಎಂಬ ಹೊಸ ಯೋಜನೆಗೆ ಮಾತ್ರ 2024ರಲ್ಲಿ ಮತ್ತೆ ಕೋರ್ಟ್ ತಡೆ ಬಿತ್ತು.

ನಮ್ಮವರಿಗೆ ಇದರಿಂದ ಏನು?

ಎಂಎಸ್ ಓದಲು ಇಲ್ಲಿಂದ ಹೋದ ಮಕ್ಕಳಿಗೆ ಈ ಮನ್ನಾ ಅನ್ವಯಿಸುತ್ತಿರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಸಾಲ ಸಿಗೋದು ಮುಖ್ಯವಾಗಿ ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಅದು ಸಿಗಲ್ಲ. ಊರಿನ ಮನೆ, ಸೈಟು ಅಡ ಇಟ್ಟು ಇಲ್ಲಿನ ಬ್ಯಾಂಕಿನಿಂದ ತೆಗೆದ ಸಾಲಕ್ಕೂ ಅಲ್ಲಿನ ಅಧ್ಯಕ್ಷರಿಗೂ ಸಂಬಂಧವೇ ಇಲ್ಲ. ಅಲ್ಲಿ ಮನ್ನಾ ಆಗುತ್ತಂತೆ ಅಂತ ಇಲ್ಲಿ ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತೆ, ಸಿಬಿಲ್ ಸ್ಕೋರ್ ಬೀಳುತ್ತೆ ಅಷ್ಟೇ.

ತತ್ವ ಮಾತ್ರ ನಮ್ಮಲ್ಲೂ ಇದೆ. ಸಂಚಿತ ನಿಧಿಯ ಹಣವನ್ನು ಕಾನೂನಿನ ಪ್ರಕಾರವಲ್ಲದೆ ತೆಗೆಯುವಂತಿಲ್ಲ ಎನ್ನುತ್ತದೆ ನಮ್ಮ ಸಂವಿಧಾನದ 266ನೇ ವಿಧಿ. 2018ರಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬೆಳೆ ಸಾಲ ಮನ್ನಾವನ್ನು ವಿಧಾನಸಭೆಯಲ್ಲಿ ಬಜೆಟ್ ಮೂಲಕವೇ ತಂದರು. ಸಾಲ ಕೊಟ್ಟ ಬ್ಯಾಂಕುಗಳಿಗೆ ಸರ್ಕಾರ ಹಣ ಕಟ್ಟಿಕೊಡಬೇಕಿತ್ತು, ಆ ಹಣಕ್ಕೆ ಸದನದ ಒಪ್ಪಿಗೆ ಬೇಕಿತ್ತು.

ಮುಂದೆ ಎಲ್ಲೇ ಮನ್ನಾ ಘೋಷಣೆ ಆದರೂ ಕೇಳಬೇಕಾದ ಪ್ರಶ್ನೆ ಎರಡೇ: ಯಾವ ಕಾನೂನಿನಡಿ? ಹಣ ಮಂಜೂರಾಗಿದೆಯಾ? ಉತ್ತರ ಸಿಗೋವರೆಗೂ ಕಂತು ಕಟ್ಟುತ್ತಿರೋದೇ ಕ್ಷೇಮ.